ಸೇವೆಗೂ ಒಂದು ಡಿಗ್ರಿ

ಸೋಪು ಮಾರೋಕೆ ಎಂಬಿಎ ಬೇಕು ಅಂದ್ರೆ ಯಾರೂ ಹುಬ್ಬೇರಿಸಲ್ಲ. ಸಾಲ ಕೊಡೋಕೆ, ಸಾಲ ವಸೂಲಿ ಮಾಡೋಕೆ ಎಂಬಿಎ ಬೇಕು ಅಂದ್ರೂ ಸರಿ ಅಂತೀವಿ. ಆದರೆ ಸಂಸ್ಥೆ ಕಟ್ಟಿ ಬಡವರ ಕೆಲಸ ಮಾಡೋದನ್ನು ಎರಡು ವರ್ಷ ಕೂತು ಓದಿ, ಪರೀಕ್ಷೆ ಬರೆದು, ಡಿಗ್ರಿ ತಗೊಂಡು ಕಲೀಬೇಕು ಅಂದಾಗ ಮಾತ್ರ ಎಲ್ಲೋ ಒಂದು ಕಡೆ ಮುಳ್ಳು ಚುಚ್ಚುತ್ತೆ. ಸಮಾಜಸೇವಾ ಸಂಸ್ಥೆಗಳ ನಿರ್ವಹಣೆ, ಸೋಶಿಯಲ್ ಎಂಟರ್‌ಪ್ರೈಸ್ ಅಂತೆಲ್ಲ ಸ್ನಾತಕೋತ್ತರ ಕೋರ್ಸುಗಳು ಈಗ ನಮ್ಮಲ್ಲೂ ಸಾಕಷ್ಟಿವೆ. ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಾಮಾಜಿಕ ಉದ್ಯಮಶೀಲತೆಗೇ ಒಂದು ಎಂಎ ಇದೆ, ನಮ್ಮ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಡೆವಲಪ್‌ಮೆಂಟ್ ಎಂಎ ಇದೆ. ಇವುಗಳ ಬಗ್ಗೆ ಊರಲ್ಲಿ ಹೇಳಿದರೆ "ಒಳ್ಳೇದು ಮಾಡೋಕೆ ಓದಬೇಕೇನಪ್ಪಾ?" ಅಂತಾರೆ. ಆಫೀಸಲ್ಲಿ ಹೇಳಿದರೆ "ಓದಿದ ಮೇಲೆ ಎಷ್ಟು ಬರುತ್ತೆ?" ಅಂತಾರೆ. ಎರಡೂ ಪ್ರಶ್ನೆಗಳ ಒಳಗೆ ಇರೋ ನಂಬಿಕೆ ಒಂದೇ. ಸೇವೆ ಅಂದ್ರೆ ಮನಸ್ಸಿನ ವಿಷಯ, ಲೆಕ್ಕದ್ದಲ್ಲ. ಅದಕ್ಕೆ ಸಂಬಳ, ಕೌಶಲ, ಮ್ಯಾನೇಜರು ಬಂದ್ರೆ ಅದು ಸೇವೆಯಾಗಿ ಉಳಿಯಲ್ಲ.

ಈ ನಂಬಿಕೆ ನಮ್ಮ ಕಾನೂನಿನಲ್ಲೂ ಕೂತಿದೆ. ವಿದೇಶಿ ದೇಣಿಗೆ ಪಡೆಯೋ ಸಂಸ್ಥೆಗಳು ಅದರಲ್ಲಿ ಆಡಳಿತಕ್ಕೆ ಅರ್ಧದವರೆಗೂ ಖರ್ಚು ಮಾಡಬಹುದಿತ್ತು. 2020ರ ತಿದ್ದುಪಡಿ ಅದನ್ನು ಶೇ. 20ಕ್ಕೆ ಇಳಿಸಿತು. ಕಂಪನಿಗಳು ಲಾಭದ ಶೇ. 2ನ್ನು ಸಿಎಸ್‌ಆರ್‌ಗೆ ಕೊಡಬೇಕು ಅಂತ 2013ರ ಕಂಪನಿ ಕಾಯಿದೆ ಹೇಳುತ್ತಲ್ಲ, ಅಲ್ಲೂ ಕಂಪನಿ ತನ್ನ ಆಡಳಿತ ವೆಚ್ಚ ಅಂತ ತೋರಿಸೋಕೆ ಇರೋ ಮಿತಿ ಶೇ. 5. ದುರುಪಯೋಗ ತಡೆಯೋಕೆ ಮಿತಿ ಬೇಕು, ಒಪ್ಪೋಣ. ಆದರೆ ಇದರ ಹಿಂದಿರೋ ಭಾವನೆ ನೋಡಿ: "ನಾನು ಕೊಟ್ಟ ನೂರು ರೂಪಾಯಿ ನೇರವಾಗಿ ಮಗುವಿನ ತಟ್ಟೆಗೆ ಹೋಗಲಿ." ತಟ್ಟೆ ತರೋ ಗಾಡಿಗೆ ಡೀಸೆಲ್ ಯಾರು ಹಾಕಬೇಕು, ಅಕ್ಕಿ ಲೆಕ್ಕ ಬರೆಯೋನಿಗೆ ಸಂಬಳ ಯಾರು ಕೊಡಬೇಕು ಅಂತ ನಾವು ಕೇಳಲ್ಲ. ನಮ್ಮ ಕಂಪನಿಗಳಲ್ಲಿ ಎಚ್‌ಆರ್, ಕ್ಯಾಬು, ಬೆಂಚ್ ಮೇಲೆ ಕೂತವರ ಸಂಬಳ ಇದೆಲ್ಲ ಬಿಸಿನೆಸ್ಸಿನ ಖರ್ಚು. ಅದೇ ಖರ್ಚು ಎನ್‌ಜಿಒದ್ದಾದರೆ ಪೋಲು. ಈ ಅಸಮಾನತೆಯನ್ನು ನಾವು ನೈತಿಕತೆ ಅಂದುಕೊಂಡಿದ್ದೀವಿ.

ಲೆಕ್ಕ ಮತ್ತು ಕರುಣೆ ಬೇರೆ ಬೇರೆ ಅನ್ನೋರು ಮದುರೈನ ಅರವಿಂದ್ ಕಣ್ಣಾಸ್ಪತ್ರೆಯ ಕತೆ ಓದಬೇಕು. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 1976ರಲ್ಲಿ, 11 ಹಾಸಿಗೆ ಇಟ್ಟುಕೊಂಡು ಶುರು ಮಾಡಿದ್ದು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದ ಮನುಷ್ಯ, ಅದೇ ಬೆರಳಲ್ಲಿ ಕಣ್ಣಿನ ಆಪರೇಷನ್ ಮಾಡುತ್ತಿದ್ದರು. ಅವರು ಮೆಚ್ಚಿಕೊಂಡ ಮಾದರಿ ಯಾವುದೋ ಮಠವಲ್ಲ, ಮೆಕ್‌ಡೊನಾಲ್ಡ್ಸ್! ಎಲ್ಲಿ ಹೋದರೂ ಒಂದೇ ಗುಣಮಟ್ಟ, ಕಡಿಮೆ ಬೆಲೆ, ಬೇಗ ಬೇಗ ಕೆಲಸ. ಬರ್ಗರ್ ಹಾಗೆ ಮಾರಬಹುದಾದರೆ ಪೊರೆಯ ಆಪರೇಷನ್ ಯಾಕಾಗಬಾರದು ಅನ್ನೋದು ಅವರ ಪ್ರಶ್ನೆ. ಒಂದು ಆಪರೇಷನ್ ಮುಗಿಯೋ ಹೊತ್ತಿಗೆ ಪಕ್ಕದ ಟೇಬಲ್ಲಿನಲ್ಲಿ ಮುಂದಿನ ರೋಗಿ ಸಿದ್ಧವಾಗಿರುತ್ತಾರೆ, ಡಾಕ್ಟರು ಆ ಕಡೆ ತಿರುಗಿಕೊಂಡರೆ ಸಾಕು. ಡಾಕ್ಟರೇ ಮಾಡಬೇಕಾಗಿಲ್ಲದ ಕೆಲಸವನ್ನೆಲ್ಲ ಹಳ್ಳಿಯಿಂದ ಬಂದು ಅಲ್ಲೇ ತರಬೇತಿ ಪಡೆದ ಹೆಣ್ಣುಮಕ್ಕಳು ಮಾಡುತ್ತಾರೆ. ದುಡ್ಡಿರೋರು ಕೊಡ್ತಾರೆ, ಇಲ್ಲದವರಿಗೆ ಉಚಿತ. ಕಣ್ಣೊಳಗೆ ಕೂರಿಸೋ ಲೆನ್ಸು ಹೊರದೇಶದಿಂದ ತರಿಸಿದರೆ ದುಬಾರಿ ಅಂತ 1992ರಲ್ಲಿ ಅರೋಲ್ಯಾಬ್ ಅನ್ನೋ ಘಟಕವನ್ನೇ ಹಾಕಿ, ಬೆಲೆಯನ್ನು ಹಲವು ಪಟ್ಟು ಇಳಿಸಿದರು.

ನನಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು ಒಂದು ಸಣ್ಣ ಸಂಗತಿ. ಹಳ್ಳಿಗಳಲ್ಲಿ ಶಿಬಿರ ಮಾಡಿ "ಆಪರೇಷನ್ ಫ್ರೀ, ಬನ್ನಿ" ಅಂದ್ರೂ ಜನ ಬರುತ್ತಿರಲಿಲ್ಲ. ಅಜ್ಞಾನ, ಮೂಢನಂಬಿಕೆ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಅವರು ಯಾಕೆ ಬರಲ್ಲ ಅಂತ ವಿಚಾರಿಸಿದರು. ಬಸ್ ಚಾರ್ಜಿಗೆ ದುಡ್ಡಿಲ್ಲ, ಊಟಕ್ಕೇನು ಮಾಡೋದು, ಕೂಲಿ ಹೋಗುತ್ತೆ. ಫ್ರೀ ಅನ್ನೋದು ಫ್ರೀ ಆಗಿರಲಿಲ್ಲ. ಆಮೇಲೆ ಬಸ್ಸು, ಊಟ ಎಲ್ಲ ಆಸ್ಪತ್ರೆಯದೇ ಆಯಿತು. ಇದನ್ನು ಕರುಣೆ ಅನ್ನಬೇಕಾ, ಮ್ಯಾನೇಜ್‌ಮೆಂಟ್ ಅನ್ನಬೇಕಾ? ನನಗಂತೂ ಗೆರೆ ಕಾಣಲ್ಲ. ಅಜ್ಜಿಯ ಬಸ್ ಚಾರ್ಜನ್ನು ಲೆಕ್ಕಕ್ಕೆ ತಗೊಳ್ಳದ ಕರುಣೆ ಬರೀ ಸೋಮಾರಿ ಕರುಣೆ. ಒಳ್ಳೇ ಮನಸ್ಸಿದ್ದರೆ ಸಾಕು ಅನ್ನೋ ವಾದಕ್ಕೆ ಇಷ್ಟು ಉತ್ತರ ಸಾಕು.

ಆದರೆ ಕತೆ ಇಲ್ಲಿಗೆ ಮುಗಿದರೆ ನಾನೂ ಆ ಕೋರ್ಸುಗಳ ಬ್ರೋಷರ್ ಬರೆದಂಗಾಗುತ್ತೆ.

ಹೈದರಾಬಾದಿನ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ನೆನಪಿದೆಯಾ? ಅದನ್ನು ಕಟ್ಟಿದ ವಿಕ್ರಮ್ ಆಕುಲ ಹಣದಾಸೆಗೆ ಹುಟ್ಟಿದ ಮನುಷ್ಯ ಅಲ್ಲ. ತೆಲಂಗಾಣದ ಹಳ್ಳಿಗಳಲ್ಲಿ ಕೆಲಸ ಮಾಡಿದವರು, ಷಿಕಾಗೋದಲ್ಲಿ ಪಿಎಚ್‌ಡಿ, ಮೆಕಿನ್ಸಿಯಲ್ಲಿ ಅನುಭವ. ಬಡ ಹೆಂಗಸರಿಗೆ ಸಾಲ ಕೊಡೋ ಲಾಭರಹಿತ ಸಂಸ್ಥೆಯಾಗಿ ಶುರುವಾದದ್ದು ಆಮೇಲೆ ಲಾಭದ ಕಂಪನಿಯಾಗಿ, 2010ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಗ್ರಾಮೀಣ ಬ್ಯಾಂಕಿನ ಮುಹಮ್ಮದ್ ಯೂನಸ್ ಇದನ್ನು ಬಹಿರಂಗವಾಗಿಯೇ ವಿರೋಧಿಸಿದ್ದರು. ಬಡವರಿಂದ ಲಾಭ ಮಾಡಿಕೊಳ್ಳಬಹುದು ಅಂತ ಹೂಡಿಕೆದಾರರಿಗೆ ತೋರಿಸಿಕೊಟ್ಟಂಗಾಗುತ್ತೆ ಅನ್ನೋದು ಅವರ ತಕರಾರು. ಅದೇ ವರ್ಷ ಅಕ್ಟೋಬರಿನಲ್ಲಿ, ಕಿರುಸಾಲದ ವಸೂಲಿ ಕಿರುಕುಳ ಮತ್ತು ಆತ್ಮಹತ್ಯೆಗಳ ವರದಿಗಳ ನಡುವೆ, ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. 2025ರಲ್ಲಿ ನಮ್ಮ ಕರ್ನಾಟಕವೂ ಅಂಥದ್ದೇ ಒಂದನ್ನು ತರಬೇಕಾಯಿತು. ಹಳ್ಳಿಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರದ ಕಂತಿನ ದಿನ ಬೀದಿಯಲ್ಲಿ ಬೈಕ್ ಬಂದು ನಿಂತರೆ ಯಾರ್ಯಾರ ಮನೆ ಬಾಗಿಲು ಹಾಕಿಕೊಳ್ಳುತ್ತೆ ಅಂತ ಊರಿಗೆಲ್ಲ ಗೊತ್ತಿರುತ್ತೆ.

ಮದುರೈನಲ್ಲೂ ಮ್ಯಾನೇಜ್‌ಮೆಂಟ್ ಇತ್ತು, ಹೈದರಾಬಾದಿನಲ್ಲೂ ಇತ್ತು. ಎರಡೂ ಕಡೆ ದೊಡ್ಡ ಪ್ರಮಾಣ, ಕಡಿಮೆ ಖರ್ಚು, ಪ್ರತಿ ಹೆಜ್ಜೆಗೂ ಅಳತೆ. ಹಾಗಾಗಿ ಮ್ಯಾನೇಜ್‌ಮೆಂಟ್ ಬೇಕಾ ಬೇಡವಾ ಅನ್ನೋದೇ ತಪ್ಪು ಪ್ರಶ್ನೆ. ಮ್ಯಾನೇಜರ್ ಯಾರಿಗೆ ಉತ್ತರ ಕೊಡಬೇಕು ಅನ್ನೋದು ಅಸಲಿ ಪ್ರಶ್ನೆ. ಷೇರುದಾರನಿಗಾ, ದೇಣಿಗೆ ಕೊಟ್ಟವನಿಗಾ, ಸಾಲ ತಗೊಂಡ ಹೆಂಗಸಿಗಾ?

ನಮ್ಮ ಸರ್ಕಾರಿ ಕನ್ನಡದಲ್ಲಿ ಒಂದು ಪದ ಇದೆ, ಫಲಾನುಭವಿ. ಅದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ. ಮರ ನೆಟ್ಟವರು, ನೀರು ಹಾಕಿದವರು ಬೇರೆ ಯಾರೋ; ಇವನು ಕೆಳಗೆ ಕೂತು ಹಣ್ಣು ತಿನ್ನೋನು. ಹಣ್ಣು ಹುಳಿ ಇದೆ ಅನ್ನೋ ಹಕ್ಕು ಅವನಿಗಿಲ್ಲ. ಹೊಲಿಗೆ ಯಂತ್ರ ಕೊಟ್ಟ ದಿನ ಫೋಟೋಗೆ ನಿಂತುಕೊಳ್ಳಬೇಕು, ಅಷ್ಟೇ. ಎನ್‌ಜಿಒ ವರದಿಗಳಲ್ಲಿ ಇದೇ ಮನುಷ್ಯ ಬೆನಿಫಿಷಿಯರಿ ಆಗಿ, ಒಂದು ಸಂಖ್ಯೆಯಾಗಿ ಕೂರುತ್ತಾನೆ.

ಇದಕ್ಕೆ ಪಕ್ಕಾ ಉಲ್ಟಾ ನೋಡಬೇಕಂದ್ರೆ ಬೆಳಿಗ್ಗೆ ಆರೂವರೆಗೆ ನಮ್ಮೂರ ಡೈರಿ ಮುಂದೆ ಬಂದು ನಿಲ್ಲಿ. ಕ್ಯಾನು, ತಂಬಿಗೆ ಹಿಡಿದ ಹೆಂಗಸರ ಸಾಲು. ಸೆಕ್ರೆಟರಿ ಹಾಲು ಅಳೆದು, ಫ್ಯಾಟ್ ನೋಡಿ, ಬರೆದುಕೊಳ್ತಾನೆ. ಫ್ಯಾಟ್ ಕಮ್ಮಿ ಬಂತು ಅಂದ್ರೆ ಸುಮ್ನೆ ಯಾರೂ ಹೋಗಲ್ಲ. "ನಿನ್ನೆ ನಾಕು, ಇವತ್ತು ಮೂರೂವರೆ, ರಾತ್ರಿ ನಮ್ಮ ಹಸು ಏನ್ ಉಪವಾಸ ಮಾಡ್ತಾ? ಇನ್ನೊಂದ್ಸಲ ನೋಡು" ಅಂತ ಗಟ್ಟಿಯಾಗೇ ಕೇಳ್ತಾರೆ. ಸೆಕ್ರೆಟರಿ ಗೊಣಗಿಕೊಂಡು ಇನ್ನೊಂದು ಸಲ ನೋಡ್ತಾನೆ. ನೋಡಲೇಬೇಕು. ಸಂಘದ ಷೇರು ಇರೋದು ಆ ಹೆಂಗಸಿನ ಹೆಸರಲ್ಲಿ ಅಥವಾ ಅವಳ ಗಂಡನ ಹೆಸರಲ್ಲಿ; ಆಡಳಿತ ಮಂಡಳಿಗೆ ಓಟು ಹಾಕೋರು ಅವರೇ. ಡೈರಿ ರಾಜಕೀಯ ಎಷ್ಟು ಕೊಳಕು ಅಂತ ನನಗೂ ಗೊತ್ತು, ಅದನ್ನು ದೇವಸ್ಥಾನ ಮಾಡೋಕೆ ಹೊರಟಿಲ್ಲ. ಆದರೆ ಆ ಜಗಳ ಇದೆಯಲ್ಲ, ಅದು ಎಂಥ ದೊಡ್ಡ ವಿಷಯ ಅಂತ ಬೆಂಗಳೂರಿಗೆ ಬಂದು ಸಿಎಸ್‌ಆರ್ ವಾಲಂಟಿಯರಿಂಗ್‌ಗೆ ನಾಲ್ಕು ಸಲ ಹೋದ ಮೇಲೆ ನನಗೆ ಹೊಳೆಯಿತು. ನಾವು ಬ್ಯಾಗು ಹಂಚಿದ ಯಾವ ಶಾಲೆಯಲ್ಲೂ ಯಾವ ತಾಯಿಯೂ "ಈ ಬ್ಯಾಗಿನ ಜಿಪ್ ಸರಿ ಇಲ್ಲ, ವಾಪಸ್ ತಗೊಳ್ಳಿ" ಅನ್ನಲಿಲ್ಲ. ಜಿಪ್ ನಿಜವಾಗಿಯೂ ಸರಿ ಇರಲಿಲ್ಲ.

ಈ ಡೈರಿಗಳ ಮೂಲ ಮಾದರಿ ಗುಜರಾತಿನ ಆನಂದ್. ತ್ರಿಭುವನದಾಸ್ ಪಟೇಲರ ನೇತೃತ್ವದಲ್ಲಿ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಸಂಘ ಕಟ್ಟಿಕೊಂಡಿದ್ದರು. ಅಲ್ಲಿಗೆ 1949ರಲ್ಲಿ ಸರ್ಕಾರಿ ಕೆಲಸದ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ ಹೋದವರು ವರ್ಗೀಸ್ ಕುರಿಯನ್. ನಮ್ಮ ಹಾಗೇ ಇಂಜಿನಿಯರು; ಸಮಾಜಸೇವೆ ಮಾಡಬೇಕು ಅಂತ ಹೋದವರಲ್ಲ. ತಮ್ಮನ್ನು ಅವರು ಕೊನೆತನಕ ಕರೆದುಕೊಂಡಿದ್ದು ರೈತರ ನೌಕರ ಅಂತ. ಮ್ಯಾನೇಜರಿಗೆ ಸಂಬಳ ಕೊಡೋದು ರೈತ, ಬೇಡ ಅನಿಸಿದರೆ ಮನೆಗೆ ಕಳಿಸೋದೂ ರೈತ. ಅಂಥ ನೌಕರರನ್ನು ತಯಾರು ಮಾಡಬೇಕು ಅಂತಲೇ 1979ರಲ್ಲಿ ಆನಂದ್‌ನಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆ, ಅಂದರೆ ಇರ್ಮಾ, ಶುರುವಾಯಿತು. ನಾನು ಮೇಲೆ ಹೇಳಿದ ಕೋರ್ಸುಗಳಿಗೆಲ್ಲ ಅದೇ ದೊಡ್ಡಣ್ಣ. ಓದುವಾಗ ಹಳ್ಳಿಯಲ್ಲಿ ವಾಸ ಮಾಡಿ ಬರೋದು ಅಲ್ಲಿ ಪಾಠದ ಭಾಗ. 2025ರಲ್ಲಿ ಅದೇ ಸಂಸ್ಥೆ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯ ಆಯಿತು.

ಅಲ್ಲಿ ಓದಿದವರೆಲ್ಲ ರೈತರ ನೌಕರರಾದರಾ? ಇಲ್ಲ. ಎಷ್ಟೋ ಜನ ಬ್ಯಾಂಕಿಗೆ, ಹಳ್ಳಿಯಲ್ಲಿ ಶಾಂಪೂ ಸ್ಯಾಶೆ ಮಾರೋ ಕಂಪನಿಗಳಿಗೆ ಹೋದರು. ಹಳ್ಳಿಯನ್ನು ಅರ್ಥ ಮಾಡಿಕೊಳ್ಳೋ ಜಾಣತನ ಹಳ್ಳಿಗೆ ಮಾರೋದಕ್ಕೂ ಚೆನ್ನಾಗೇ ಆಗುತ್ತೆ. ಅವರನ್ನು ಬೈಯೋ ಮನಸ್ಸು ನನಗಿಲ್ಲ. ಲಕ್ಷಗಟ್ಟಲೆ ಫೀಸು, ಅದಕ್ಕೆ ಎಜುಕೇಶನ್ ಲೋನು, ಮನೇಲಿ ತಂಗಿ ಮದುವೆ. ಇಂಥವನ ಮುಂದೆ ಆದರ್ಶದ ಭಾಷಣ ಮಾಡೋದು ಅನ್ಯಾಯ. ಆದರೆ ಫೀಸಿನ ಪ್ರಶ್ನೆ ಇನ್ನೂ ಆಳಕ್ಕೆ ಹೋಗುತ್ತೆ. 2018ರ ಫೆಬ್ರವರಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳು ಮುಷ್ಕರ ಕೂತರು. ಪರಿಶಿಷ್ಟ ಜಾತಿ, ಪಂಗಡದ ಸ್ಕಾಲರ್‌ಶಿಪ್ ವಿದ್ಯಾರ್ಥಿಗಳಿಗೆ ಇದ್ದ ಶುಲ್ಕದ ನೆರವನ್ನು ಹಿಂತೆಗೆದುಕೊಂಡಿದ್ದು ಕಾರಣ. ಸಂಸ್ಥೆಗೂ ದುಡ್ಡಿನ ಕಷ್ಟ ಇದ್ದಿರಬಹುದು. ಆದರೆ ಬಡವರ ಕೆಲಸ ಹೇಗೆ ಮಾಡಬೇಕು ಅಂತ ಕಲಿಸೋ ತರಗತಿಗೆ ಬಡವರ ಮಕ್ಕಳೇ ಬರೋಕಾಗದಿದ್ದರೆ, ಫಲಾನುಭವಿಯ ಮಗಳು ಫಲಾನುಭವಿಯಾಗೇ ಉಳೀತಾಳೆ, ಮ್ಯಾನೇಜರ್ ಯಾವಾಗಲೂ ಹೊರಗಿಂದ ಬರ್ತಾನೆ. ಆ ಡಿಗ್ರಿಯೇ ಒಂದು ಬೇಲಿ ಆಗುತ್ತೆ. ಕೋರ್ಸಿನ ಸಿಲಬಸ್ಸಿಗಿಂತ ಮೊದಲು ಅದರ ಸ್ಕಾಲರ್‌ಶಿಪ್ ನಿಯಮ ಓದಬೇಕು ಅಂತ ನಾನು ಹೇಳೋದು ಇದಕ್ಕೇ.

ಇಷ್ಟೆಲ್ಲ ತಲೆಕೆಡಿಸಿಕೊಂಡಿದ್ದು ಸುಮ್ಮನೆ ಅಲ್ಲ. ನಮ್ಮ ಟೀಮಿನ ಹುಡುಗಿಯೊಬ್ಬಳು ಆರು ವರ್ಷದ ಕೆಲಸ ಬಿಟ್ಟು ಇಂಥದ್ದೊಂದು ಕೋರ್ಸಿಗೆ ಹೊರಟಿದ್ದಾಳೆ. ಓದು ಮುಗಿಸಿದ ಮೇಲೆ ಈಗಿನ ಸಂಬಳದ ಮೂರನೇ ಒಂದು ಪಾಲು ಸಿಕ್ಕರೆ ಹೆಚ್ಚು. ನಮ್ಮ ಮ್ಯಾನೇಜರು "ಇಲ್ಲೇ ಇದ್ದು ಸಂಬಳದಲ್ಲಿ ಹತ್ತು ಪರ್ಸೆಂಟ್ ದಾನ ಮಾಡು, ಅದೇ ಹೆಚ್ಚು ಉಪಕಾರ" ಅಂದರಂತೆ. ಇದು ಹಗುರವಾದ ವಾದ ಅಲ್ಲ. ಪೀಟರ್ ಸಿಂಗರ್ ಅನ್ನೋ ತತ್ವಜ್ಞಾನಿ 1972ರಲ್ಲಿ, ದೂರದವರ ಹಸಿವಿಗೂ ನಾವು ಹೊಣೆ ಅಂತ ಬರೆದ ಪ್ರಬಂಧದಿಂದ ಬೆಳೆದು ಬಂದ ದಾರಿ ಇದು. ಹೆಚ್ಚು ದುಡಿ, ಹೆಚ್ಚು ಕೊಡು. ಆದರೆ ಎಲ್ಲರೂ ಕೊಡೋರೇ ಆದ್ರೆ, ಕೊಟ್ಟದ್ದನ್ನು ತಗೊಂಡು ಅಜ್ಜಿಯ ಬಸ್ ಚಾರ್ಜಿನ ಲೆಕ್ಕ ಹಾಕೋರು ಯಾರು? ಜೊತೆಗೆ, ಕೊಡೋನು ಯಾವತ್ತೂ ಮೇಲೇ ಇರ್ತಾನೆ. ಡೈರಿ ಹೆಂಗಸು ಸೆಕ್ರೆಟರಿಯನ್ನು ಬೈದಂಗೆ ನನ್ನ ಹತ್ತು ಪರ್ಸೆಂಟನ್ನು ಯಾರೂ ಬೈಯಲ್ಲ.

ಅವಳು ಕಾಲೇಜಿಗೆ ಬರೆದ ಎಸ್‌ಒಪಿ ತೋರಿಸಿದಳು. ಎರಡು ಪುಟದಲ್ಲಿ ಐದು ಕಡೆ ಎಂಪವರ್. "ಇದನ್ನ ಊರಲ್ಲಿ ನಿಮ್ಮಮ್ಮಂಗೆ ಹೇಗೆ ಹೇಳ್ತೀಯ?" ಅಂದೆ. ಸಬಲೀಕರಣ ಅಂದಳು, ತಾನೇ ನಕ್ಕಳು. ಐದರಲ್ಲಿ ನಾಲ್ಕು ಹೊಡೆದು ಹಾಕಿದ್ದಾಳೆ.

ಈಗ ಎರಡು ಕಡೆ ಸೀಟು ಸಿಕ್ಕಿದೆ. ಒಂದರಲ್ಲಿ ಪ್ಲೇಸ್‌ಮೆಂಟ್ ಚೆನ್ನಾಗಿದೆ. ಇನ್ನೊಂದರಲ್ಲಿ ಸ್ಕಾಲರ್‌ಶಿಪ್ ಇದೆ, ಹಳ್ಳಿಯಲ್ಲಿ ಉಳಿಯೋ ಅವಧಿಯೂ ಉದ್ದ. ಪ್ಲೇಸ್‌ಮೆಂಟ್ ಪಟ್ಟಿ ನೋಡಲೇಬೇಡ ಅನ್ನೋ ಧೈರ್ಯ ನನಗಿಲ್ಲ, ಅವಳ ಇಎಂಐ ನಾನು ಕಟ್ಟಲ್ಲವಲ್ಲ. ಹತ್ತು ವರ್ಷದ ಹಿಂದೆ ಎರಡೂ ಕಡೆ ಓದಿದವರನ್ನು ಹುಡುಕಿ ಫೋನ್ ಮಾಡು ಅಂದೆ. ಈಗೆಲ್ಲಿದ್ದೀರಿ ಅಂತ ಮಾತ್ರ ಕೇಳಬೇಡ, ಊರಿನವರು ಯಾರಾದರೂ ನಿಮ್ಮ ಮೇಲೆ ಜೋರು ಮಾಡಿದ್ದುಂಟಾ, ಆಗ ಏನು ಮಾಡಿದಿರಿ ಅಂತಲೂ ಕೇಳು. ಇಬ್ಬರ ಜೊತೆ ಮಾತಾಡಿದ್ದಾಳೆ. ಇನ್ನೂ ಮೂವರ ನಂಬರು ಇದೆ, ಫೀಸು ಕಟ್ಟೋಕೆ ಹನ್ನೊಂದು ದಿನ ಇದೆ.