ಸಾಕು ಎನ್ನುವುದು ಎಷ್ಟಕ್ಕೆ?

ಮಗನೋ ಮಗಳೋ ಮೂರು ಸಾವಿರ ಡಾಲರಿನ ಕಂಪ್ಯೂಟರ್ ಬೇಕೆಂದಾಗ ನಮ್ಮಂಥ ತಂದೆತಾಯಿಗಳ ಬಾಯಿಂದ ಬರುವ ಮೊದಲ ಪ್ರಶ್ನೆ, "ಓದುವುದಕ್ಕೇನು?" ಸಿಗುವ ಉತ್ತರ, "ಡ್ರಾಯಿಂಗಿಗೆ, ಸ್ವಲ್ಪ ಗೇಮ್ಸಿಗೆ." ಕೊಡಿಸುವ ಶಕ್ತಿ ದೇವರ ದಯೆಯಿಂದ ನಮ್ಮಲ್ಲಿ ಹಲವರಿಗಿದೆ. ಹಾಗಾದರೆ ಇದು ಬರೀ ಹಣದ ಲೆಕ್ಕವೇ? ಇದರಲ್ಲಿ ಧರ್ಮಸೂಕ್ಷ್ಮ ಏನಾದರೂ ಇದೆಯೇ? ಇದೆಯೆಂದೇ ನನ್ನ ಅಭಿಪ್ರಾಯ.

ಮೊದಲನೆಯದು ಸತ್ಯದ ಮಾತು. ನಾವು ಓದಿಗೆ ಎತ್ತರದ ಮಣೆ ಹಾಕಿ, ಕಲೆಗೆ ಪಕ್ಕದಲ್ಲಿ ಚಾಪೆ ಹಾಸಿ, ಆಟವನ್ನು ಹೊಸಿಲಿನಾಚೆ ನಿಲ್ಲಿಸಿದ್ದೇವೆ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಬೈಯುವ ಡಾಕ್ಟರ ಮುಂದೆ ರೋಗಿ ದಿನಕ್ಕೆ ಒಂದೇ ಸಿಗರೇಟು ಎನ್ನುತ್ತಾನೆ. ಆಟವೆಂದರೆ ಹುಬ್ಬು ಗಂಟಿಕ್ಕುವ ಅಪ್ಪನ ಮುಂದೆ ಮಗ ಚಿತ್ರಕಲೆ ಎನ್ನುತ್ತಾನೆ. ಇಬ್ಬರಿಗೂ ಸರಿಯಾದ ಔಷಧಿ ಸಿಗುವುದಿಲ್ಲ.

ಏಕೆಂದರೆ ಎರಡಕ್ಕೂ ಬೇಕಾದ ಯಂತ್ರ ಬೇರೆ ಬೇರೆ. ಆಟಕ್ಕೆ ಮುಖ್ಯವಾಗಿ ಬಲವಾದ ಗ್ರಾಫಿಕ್ಸ್ ಕಾರ್ಡ್, ಬೇಗ ಬೇಗ ಚಿತ್ರ ಬದಲಿಸುವ ಮಾನಿಟರ್ ಬೇಕು. ಚಿತ್ರ ಬರೆಯುವವರಿಗೆ ಬಣ್ಣವನ್ನು ಇದ್ದಂತೆ ತೋರಿಸುವ ಮಾನಿಟರ್, 16 ಅಥವಾ 32 ಗಿಗಾಬೈಟ್ ಮೆಮೊರಿ, ಕೈಯ ಒತ್ತಡವನ್ನು ಅರಿಯುವ ಪೆನ್ನು ಬೇಕು. ಕಾರ್ಡ್ ಸಾಧಾರಣದ್ದಾದರೂ ನಡೆಯುತ್ತದೆ. ಮೂರು ಆಯಾಮದ ಅನಿಮೇಷನ್ ಮಾಡುವವರ ವಿಷಯ ಮಾತ್ರ ಬೇರೆ, ಅವರಿಗೆ ಒಳ್ಳೆಯ ಕಾರ್ಡ್ ಬೇಕೇ ಬೇಕು. "ಚಿತ್ರಕ್ಕೆ" ಎಂದು ತಂದ ಪಟ್ಟಿಯಲ್ಲಿ ಅರ್ಧ ದುಡ್ಡು ಕಾರ್ಡಿಗೇ ಹೋಗಿ ಪೆನ್ನಿನ ಹೆಸರೇ ಇಲ್ಲದಿದ್ದರೆ, ಮಗು ಹೇಳದ ನಿಜವನ್ನು ಪಟ್ಟಿಯೇ ಹೇಳುತ್ತದೆ. ಅಲ್ಲಿ ತಪ್ಪು ಮಗುವಿನದಷ್ಟೇ ಅಲ್ಲ. ಆಟವೆಂದು ನೇರವಾಗಿ ಹೇಳುವ ಧೈರ್ಯವನ್ನು ನಾವೂ ಕೊಡಬೇಕಿತ್ತು.

ಎರಡನೆಯದು ಮಿತಿಯ ಮಾತು. ಫಲಿತಾಂಶದಿಂದ ಚಿಕಿತ್ಸೆ ಬದಲಾಗದಿದ್ದರೆ ಆ ಪರೀಕ್ಷೆಯನ್ನು ಬರೆಯಬೇಡ ಎನ್ನುವುದು ನಮ್ಮ ವೃತ್ತಿಯ ಹಳೆಯ ಪಾಠ. ಇಲ್ಲಿಗೂ ಅದು ಹೊಂದುತ್ತದೆ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಮಾನಿಟರಿನಲ್ಲಿ ಎರಡು ಚಿತ್ರಗಳ ನಡುವಿನ ಅಂತರ ಸುಮಾರು 17 ಮಿಲಿಸೆಕೆಂಡ್. 144 ಸಲವಾದರೆ 7. 240 ಆದರೆ 4. ಮೊದಲ ಹೆಜ್ಜೆಯಲ್ಲಿ ಉಳಿಯುವುದು 10, ಎರಡನೆಯದರಲ್ಲಿ ಬರೀ 3. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಆರೋಗ್ಯವಂತ ಹುಡುಗನಿಗೂ ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ. ಪಂದ್ಯಗಳಲ್ಲಿ ಆಡುವವರನ್ನು ಬಿಟ್ಟರೆ ಆ ಕೊನೆಯ 3ಕ್ಕೆ ಕೊಡುವ ದುಡ್ಡು ಹೆಚ್ಚಾಗಿ ಜಂಬಕ್ಕೆ ಕೊಟ್ಟದ್ದು. ಎನ್ವಿಡಿಯಾ 2025ರಲ್ಲಿ ಹೊರತಂದ ಆರ್‌ಟಿಎಕ್ಸ್ 5060 ಕಾರ್ಡಿನ ಬಿಡುಗಡೆಯ ಬೆಲೆ 299 ಡಾಲರ್, ಅದು ಬೇಡುವ ವಿದ್ಯುತ್ 145 ವಾಟ್. ಅದೇ ವರ್ಷದ 5090ಕ್ಕೆ 1,999 ಡಾಲರ್, 575 ವಾಟ್!

ಉಪಕರಣ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಕಾರರು ಸೂಕ್ಷ್ಮ ಗೆರೆಗಾಗಿ ಅಳಿಲಿನ ಕೂದಲಿನ ಕುಂಚ ಬಳಸುತ್ತಿದ್ದರು. ಆ ಗೆರೆಗೆ ಅದೇ ಬೇಕಿತ್ತು. ಅದು ಆಡಂಬರವಲ್ಲ, ಅಗತ್ಯ. ಆದರೆ ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯೂ ನಮ್ಮದೇ. 2025ರ ಮಾರ್ಚಿನಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ಅನಿಮೇಷನ್ ಚಿತ್ರ 'ಫ್ಲೋ' ತಯಾರಾದದ್ದು ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯಬಹುದು.

"ನಾವಂತೂ ಒಂದು ಜಾಮಿಟ್ರಿ ಬಾಕ್ಸಿಗೂ ಆಸೆಪಟ್ಟು ಬೆಳೆದೆವು, ಮಕ್ಕಳಾದರೂ ಸುಖವಾಗಿರಲಿ" ಎನ್ನುವವರಿದ್ದಾರೆ. ಈ ಮಾತಿನಲ್ಲಿ ಪ್ರೀತಿಯಿದೆ, ತಳ್ಳಿಹಾಕುವಂತಿಲ್ಲ. ಆದರೆ ನಮಗಿದ್ದ ಕೊರತೆಯನ್ನು ಮಕ್ಕಳ ಮೇಜಿನ ಮೇಲೆ ತುಂಬಿಸಲಾಗದು. ಇನ್ನೊಂದು ಕಡೆ, ಗ್ಯಾರೇಜಿನಲ್ಲಿ ಬೇಕಾದುದಕ್ಕಿಂತ ದೊಡ್ಡ ಕಾರು ನಿಲ್ಲಿಸಿಕೊಂಡು ಮಗನಿಗೆ ಮಾತ್ರ ಸರಳ ಜೀವನ ಬೋಧಿಸಿದರೆ ಅವನು ನಗದೆ ಇನ್ನೇನು ಮಾಡಿಯಾನು? ಮಿತಿ ಎನ್ನುವುದು ಇಡೀ ಮನೆಯ ನಿಯಮವಾದರೆ ಮಾತ್ರ ಅದಕ್ಕೆ ಬೆಲೆ.

ಮೂರನೆಯದು, ಹಳೆಯ ಯಂತ್ರದ ಗತಿ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇಲೆಕ್ಟ್ರಾನಿಕ್ ಕಸ ಹುಟ್ಟಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಸೇರಿದ್ದಕ್ಕೆ ದಾಖಲೆಯಿರುವುದು ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಬಹಳಷ್ಟನ್ನು ಬಡ ದೇಶಗಳ ಬರಿಗೈಗಳು ಒಡೆದು ಸುಟ್ಟು ಬೇರ್ಪಡಿಸುತ್ತವೆ. ಆ ಸೀಸದ ವಿಷ ಮಕ್ಕಳ ಮಿದುಳಿಗೆ ಏನು ಮಾಡುತ್ತದೆಂದು ವೈದ್ಯನಾದ ನಾನು ಬಲ್ಲೆ. ನಮ್ಮ ಮಗುವಿನ ಆಟದ ಖರ್ಚಿನಲ್ಲಿ ಇನ್ನೊಬ್ಬರ ಮಗುವಿನ ಪಾಲೂ ಸೇರಿದೆ.

ಆದ್ದರಿಂದ ಬೇಡ ಎನ್ನುವ ಮೊದಲು, ಆಗಲಿ ಎನ್ನುವ ಮೊದಲೂ, ಮಕ್ಕಳನ್ನು ಕೂರಿಸಿಕೊಂಡು ಕೇಳೋಣ: ಈಗಿರುವ ಯಂತ್ರದಲ್ಲಿ ಮಾಡಲಾಗದ್ದು ಯಾವುದು? ಯಾವ ಒಂದು ಭಾಗ ಬದಲಿಸಿದರೆ ಅದು ಆಗುತ್ತದೆ? ಹಳೆಯದು ಯಾರ ಕೈ ಸೇರುತ್ತದೆ? ಮೂರಕ್ಕೂ ಉತ್ತರ ಸಿಕ್ಕಿದರೆ, ಅದು ಆಟಕ್ಕೇ ಆದರೂ ಸರಿ, ಸಂತೋಷದಿಂದ ಕೊಡಿಸೋಣ.