ಶುಕ್ತಿಯೂ ರಜತವೂ

ದೂರದಲ್ಲಿ ಬಿದ್ದಿರುವ ಕಪ್ಪೆಚಿಪ್ಪು ಬಿಸಿಲಿಗೆ ಹೊಳೆಯುತ್ತದೆ. ದಾರಿಗನು ಅದನ್ನು ಬೆಳ್ಳಿಯೆಂದು ಬಗೆದು ಧಾವಿಸುತ್ತಾನೆ. ಹತ್ತಿರ ಹೋಗಿ ನೋಡಲು, ಅದು ಬರಿಯ ಚಿಪ್ಪು. ಶುಕ್ತಿರಜತವೆಂಬ ಈ ದೃಷ್ಟಾಂತವು ನಮ್ಮ ದರ್ಶನಗ್ರಂಥಗಳಲ್ಲಿ ಸುಪ್ರಸಿದ್ಧವಾದುದು. ಶಂಕರರ ಅಧ್ಯಾಸಭಾಷ್ಯದಲ್ಲಿ ಅದು ಬಂದಿದೆ. ಮೀಮಾಂಸಕರೂ ನೈಯಾಯಿಕರೂ ಭ್ರಾಂತಿಯ ಸ್ವರೂಪವನ್ನು ವಿಚಾರಿಸುವಾಗ ಅದನ್ನೇ ಹಿಡಿದು ವಾದಿಸಿದ್ದಾರೆ. ಅಲ್ಲೆಲ್ಲ ಚರ್ಚೆ ನಡೆದಿರುವುದು ತೋರಿ ಮರೆಯಾದ ಬೆಳ್ಳಿಯನ್ನು ಕುರಿತು. ಕೈಗೆ ಬಂದ ಚಿಪ್ಪಿನ ವಿಷಯದಲ್ಲಿ ಯಾರಿಗೂ ಅಷ್ಟು ಆಸ್ಥೆಯಿಲ್ಲ. ಬೆಳ್ಳಿಯಲ್ಲವೆಂದು ತಿಳಿದ ಕೂಡಲೆ ದಾರಿಗನು ಅದನ್ನು ಬಿಸುಟು ಮುಂದೆ ನಡೆಯುತ್ತಾನೆ. ಹಾಗೆ ಬಿಸುಡುವುದೇ ವಿವೇಕದ ಕೊನೆಯೆ? ಅಥವಾ ಚಿಪ್ಪನ್ನು ಚಿಪ್ಪಾಗಿಯೇ ಕಂಡು ಆದರಿಸುವ ಮತ್ತೊಂದು ವಿವೇಕವುಂಟೆ?

ಈ ಪ್ರಶ್ನೆಗೆ ಒಂದು ಉತ್ತರವು ಛಾಯಾಚಿತ್ರಕಲೆಯಿಂದ ದೊರೆಯುತ್ತದೆ. ಅಮೆರಿಕದ ಎಡ್ವರ್ಡ್ ವೆಸ್ಟನ್ (1886-1958) ಅವರು 1927ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಹೆನ್ರಿಯೆಟ್ಟಾ ಶೋರ್ ಎಂಬ ಚಿತ್ರಕಲಾವಿದೆಯ ಬಳಿ ನಾಟಿಲಸ್ ಎಂಬ ಕಡಲಪ್ರಾಣಿಯ ಚಿಪ್ಪುಗಳನ್ನು ಕಂಡರು. ಸುರುಳಿಯಾಗಿ ಬೆಳೆಯುವ ಆ ಚಿಪ್ಪನ್ನು ಕಪ್ಪು ಹಿನ್ನೆಲೆಯಲ್ಲಿ ಒಂಟಿಯಾಗಿ ನಿಲ್ಲಿಸಿ, ಚೌಕಟ್ಟು ತುಂಬುವಷ್ಟು ಹತ್ತಿರದಿಂದ ಅವರು ಚಿತ್ರಗಳನ್ನು ತೆಗೆದರು. ವಸ್ತು ಸಮೀಪವಾದಷ್ಟೂ ಅದರ ಮುಂಭಾಗ ಹಿಂಭಾಗಗಳೆರಡನ್ನೂ ಸ್ಫುಟವಾಗಿ ಹಿಡಿಯುವುದು ಕಷ್ಟ. ಅದಕ್ಕಾಗಿ ಮಸೂರದ ರಂಧ್ರವನ್ನು ಬಹಳ ಕಿರಿದುಗೊಳಿಸಬೇಕು. ರಂಧ್ರ ಕಿರಿದಾದಂತೆ ಬೆಳಕು ಕಡಮೆಯಾಗುವುದರಿಂದ ಹೆಚ್ಚು ಹೊತ್ತು ಕಾಯಬೇಕು. ಅವರ ಕೆಲವು ಚಿತ್ರಗಳಿಗೆ ಗಂಟೆಗಟ್ಟಲೆ ಹಿಡಿಯಿತು. ಅಷ್ಟು ಹೊತ್ತು ಚಿಪ್ಪು ಕದಲಬಾರದು, ಯಂತ್ರ ಕದಲಬಾರದು.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಅಂದಿನ ಛಾಯಾಚಿತ್ರದ ಕಾಗದಕ್ಕೆ ಬೆಳ್ಳಿಯ ಲವಣದ ಲೇಪವಿರುತ್ತಿತ್ತು. ಬೆಳಕು ತಗುಲಿದೆಡೆಯಲ್ಲಿ, ರಾಸಾಯನಿಕ ಸಂಸ್ಕಾರದಿಂದ, ಆ ಲವಣವೇ ಬೆಳ್ಳಿಯ ಸೂಕ್ಷ್ಮಕಣಗಳಾಗಿ ಕಪ್ಪಾಗಿ ನಿಲ್ಲುತ್ತಿತ್ತು. ಆದುದರಿಂದ ವೆಸ್ಟನ್ನರ ಚಿತ್ರದಲ್ಲಿ ನಿಜವಾಗಿ ಇರುವುದು ಬೆಳ್ಳಿ, ತೋರುವುದು ಚಿಪ್ಪು. ಶಾಸ್ತ್ರದ ದೃಷ್ಟಾಂತವು ಇಲ್ಲಿ ತಿರುಗುಮುರುಗಾಗಿದೆ. ದಾರಿಗನ ಕಣ್ಣಿಗೆ ಲೋಭವು ಬೆಳ್ಳಿಯನ್ನು ತೋರಿತು. ಕಲಾವಿದನ ತಾಳ್ಮೆಯು ಬೆಳ್ಳಿಯಿಂದಲೇ ಚಿಪ್ಪನ್ನು ತೋರಿತು.

ಆದರೂ ಆರೋಪವೆಂಬುದು ಸುಲಭವಾಗಿ ಬಿಡುವುದಿಲ್ಲ. ಈ ಚಿತ್ರಗಳನ್ನು ಕಂಡ ಕೆಲವರು ಚಿಪ್ಪಿನ ತಿರುವುಗಳಲ್ಲಿ ಮಾನವದೇಹವನ್ನು ಕಂಡು ಕಳವಳಗೊಂಡರು. ತಮಗೆ ಅಂಥ ಭಾವವಿರಲಿಲ್ಲವೆಂದು ವೆಸ್ಟನ್ ತಮ್ಮ ದಿನಚರಿಯಲ್ಲಿ ಬರೆದುಕೊಂಡರು. 2010ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಇವುಗಳ ಒಂದು ಪ್ರತಿಯು 10 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹೋಯಿತು. ಚಿಪ್ಪನ್ನು ಚಿಪ್ಪಾಗಿ ತೋರಿಸಲು ತೆಗೆದ ಚಿತ್ರದಲ್ಲಿಯೂ ಲೋಕವು ಮತ್ತೆ ಬೆಳ್ಳಿಯನ್ನೇ ಕಂಡಿತು!

ಇನ್ನು ನೆನಪಿಗಾಗಿ ಮನೆಯಲ್ಲಿ ಇಟ್ಟುಕೊಂಡ ಚಿಪ್ಪಿನ ವಿಚಾರ. ಯಾರೋ ಕೊಟ್ಟದ್ದು, ಎಂದೋ ಕಡಲತೀರದಲ್ಲಿ ಆಯ್ದದ್ದು, ಪೆಟ್ಟಿಗೆಯಲ್ಲಿ ವರ್ಷಾನುವರ್ಷ ಉಳಿಯುತ್ತದೆ. ಕೊಟ್ಟವರು ಇಲ್ಲವಾದ ಮೇಲೆ ಅದರ ಬೆಲೆ ಇಮ್ಮಡಿಯಾಗುತ್ತದೆ. ಇದು ಮೋಹವಲ್ಲವೆ, ಜಡವಸ್ತುವಿಗೆ ಅಂಟಿಕೊಳ್ಳುವುದು ಅಜ್ಞಾನವಲ್ಲವೆ ಎಂದು ವಿರಕ್ತರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಸಮಾಧಾನವನ್ನು ಪ್ರಾಭಾಕರ ಮೀಮಾಂಸಕರ ಮತದಿಂದ ಪಡೆಯಬಹುದು. ಅವರ ಪ್ರಕಾರ ಶುಕ್ತಿರಜತದಲ್ಲಿ ಎರಡು ಜ್ಞಾನಗಳುಂಟು. 'ಇದು' ಎಂಬುದು ಕಣ್ಣೆದುರಿನ ಪ್ರತ್ಯಕ್ಷ. 'ಬೆಳ್ಳಿ' ಎಂಬುದು ಹಿಂದೆ ಕಂಡುದರ ಸ್ಮೃತಿ. ಎರಡೂ ತಮ್ಮಷ್ಟಕ್ಕೆ ಸುಳ್ಳಲ್ಲ. ಅವುಗಳ ಭೇದವು ಹೊಳೆಯದಿರುವುದೇ ದೋಷ. ನೆನಪಿನ ಚಿಪ್ಪಿನಲ್ಲಿಯೂ ಹಾಗೆಯೇ. ಕೈಯಲ್ಲಿರುವುದು ಚಿಪ್ಪು, ಮನಸ್ಸಿನಲ್ಲಿರುವುದು ತಾಯಿ. ಈ ಭೇದವನ್ನು ಅರಿತು ಎರಡನ್ನೂ ಆದರಿಸುವವನಿಗೆ ಚಿಪ್ಪು ಕುರುಹು. ಭೇದವನ್ನು ಮರೆತು, ಚಿಪ್ಪು ಒಡೆದರೆ ತಾಯಿಯೇ ಮತ್ತೊಮ್ಮೆ ಹೋದಳೆಂದು ಗೋಳಿಡುವವನಿಗೆ ಅದು ಬಂಧನ. ಅರಿವಿಗೂ ಕುರುಹಿಗೂ ಇರುವ ಸಂಬಂಧವು ವಚನಗಳನ್ನು ಓದುವವರಿಗೆ ಹೊಸದೇನೂ ಅಲ್ಲ.

ನಾಟಿಲಸ್ಸಿನ ದೇಹರಚನೆಯೂ ಈ ಮಾತನ್ನೇ ಪುಷ್ಟೀಕರಿಸುತ್ತದೆ. ಅದರ ಚಿಪ್ಪನ್ನು ಸೀಳಿ ನೋಡಿದರೆ ಒಳಗೆ ಸಾಲುಸಾಲಾಗಿ ಕೋಣೆಗಳಿರುತ್ತವೆ. ಬಲಿತ ಪ್ರಾಣಿಯಲ್ಲಿ ಅವು ಸುಮಾರು 30. ಪ್ರಾಣಿಯು ವಾಸಿಸುವುದು ಎಲ್ಲಕ್ಕಿಂತ ಹೊರಗಿನ ಕೋಣೆಯಲ್ಲಿ ಮಾತ್ರ. ಬೆಳೆದಂತೆಲ್ಲ ಮುಂದಕ್ಕೆ ಸರಿದು, ಹಿಂದೆ ಹೊಳಪಿನ ಗೋಡೆಯೊಂದನ್ನು ಕಟ್ಟಿಕೊಳ್ಳುತ್ತದೆ. ಹಳೆಯ ಕೋಣೆಗಳೊಡನೆ ಸಂಬಂಧವನ್ನು ಅದು ಕಡಿದುಕೊಳ್ಳುವುದಿಲ್ಲ. ಗೋಡೆಗಳ ಮೂಲಕ ಸಣ್ಣದೊಂದು ಜೀವನಾಳವು ಹಾದಿರುತ್ತದೆ. ಹೊಸದಾಗಿ ಮುಚ್ಚಿದ ಕೋಣೆಯಲ್ಲಿ ದ್ರವ ತುಂಬಿರುತ್ತದೆ. ನಾಳವು ಅದನ್ನು ಮೆಲ್ಲಮೆಲ್ಲನೆ ಹೀರಿಕೊಂಡಂತೆ ಆ ಸ್ಥಳವನ್ನು ಅನಿಲವು ಆಕ್ರಮಿಸುತ್ತದೆ. ಆಗ ಭಾರವಾಗಿದ್ದ ಕೋಣೆಯೇ ಪ್ರಾಣಿಯನ್ನು ನೀರಿನಲ್ಲಿ ತೇಲಿಸುತ್ತದೆ. ಮನುಷ್ಯನ ದುಃಖವೂ ಹೀಗೆಯೇ ಅಲ್ಲವೆ? ಮೊದಮೊದಲು ಕಣ್ಣೀರು ತುಂಬಿದ ನೆನಪು ಮುಳುಗಿಸುವಂತೆ ತೋರುತ್ತದೆ. ಕಾಲಕ್ರಮದಲ್ಲಿ ಆ ನೀರು ಇಂಗಿದರೆ ಅದೇ ನೆನಪು ಬಾಳನ್ನು ಎತ್ತಿ ಹಿಡಿಯುತ್ತದೆ. ಹಳೆಯ ಕೋಣೆಗೆ ಮರಳಿ ಹೋಗಿ ವಾಸಿಸಲಾಗದು. ಅದನ್ನು ಒಡೆದು ಎಸೆಯಬೇಕಾಗಿಯೂ ಇಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಚಿಪ್ಪು ಮೊದಲು ಒಂದು ಜೀವದ ಮನೆ, ಆಮೇಲೆ ನಮ್ಮ ಒಡವೆ. ನಾಟಿಲಸ್ ಪ್ರೌಢವಾಗಲು 10 ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಲಂಕಾರಕ್ಕೆಂದು ಅದನ್ನು ಹಿಡಿದು ಕೊಲ್ಲುವುದು ಮಿತಿಮೀರಿದ್ದರಿಂದ, 2016ರಲ್ಲಿ ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರದ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು ಆ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಿದವು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯೂ ಅದಕ್ಕುಂಟು. ಪರರ ಪ್ರಾಣವನ್ನು ತೆತ್ತು ಕೊಂಡ ಚಿಪ್ಪು ಯಾರ ನೆನಪಿಗೂ ಗೌರವ ತರಲಾರದು. ಮನೆಯಲ್ಲಿ ಈಗಾಗಲೇ ಇರುವ ಒಂದೇ ಒಂದು ಚಿಪ್ಪನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಅದರ ಗೆರೆಗೆರೆಯನ್ನೂ ಅವಸರವಿಲ್ಲದೆ ನೋಡುವವನಿಗೆ ಎರಡನೆಯದರ ಆಸೆ ಹುಟ್ಟುವುದು ಕಡಮೆ. ಆಸೆಯನ್ನು ಗೆಲ್ಲಲು ವಸ್ತುವಿನಿಂದ ದೂರ ಓಡುವುದೊಂದು ಮಾರ್ಗ. ಅದನ್ನು ಹತ್ತಿರದಿಂದ, ಇದ್ದುದು ಇದ್ದಂತೆ ನೋಡುವುದು ಇನ್ನೊಂದು ಮಾರ್ಗ. ಗೃಹಸ್ಥನಿಗೆ ಎರಡನೆಯದೇ ಸುಲಭ, ಸುಂದರವೂ ಹೌದು.