ಚಿಟ್ಟಿ ಇಡುವ ಹೊತ್ತು

ದೀಪಾವಳಿಯ ಆಸುಪಾಸಿನಲ್ಲಿ ಹೊರಟ ಯಕ್ಷಗಾನ ಮೇಳಗಳು ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಯಲುಗಳಲ್ಲಿ ರಾಕ್ಷಸರಿಗೆ ಬರವಿಲ್ಲ. ಇಂದು ರಾವಣ, ನಾಳೆ ಮಹಿಷಾಸುರ, ಮರುದಿನ ಶೂರ್ಪನಖಿ. ದೊಂದಿಗೆ ರಾಳದ ಪುಡಿ ಎರಚಿ ಭುಗಿಲೆಬ್ಬಿಸಿ ಅವರು ರಂಗಸ್ಥಳಕ್ಕೆ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೂ ಮುನ್ನ, ವೇಷ ಕಟ್ಟುವ ಚೌಕಿಯಲ್ಲಿ ಅವರು ರೂಪುಗೊಳ್ಳುವ ದೀರ್ಘ ಮೌನವನ್ನು ಕಂಡವರು ಕಡಿಮೆ.

ತೆಂಕುತಿಟ್ಟು ಶೈಲಿಯ ಬಣ್ಣದ ವೇಷಕ್ಕೆ, ಅಂದರೆ ಈ ರಾಕ್ಷಸ ಪಾತ್ರಗಳಿಗೆ, ಅವಸರ ಸಲ್ಲದು. ಕಲಾವಿದರು ಪುಟ್ಟ ಕನ್ನಡಿಯೆದುರು ಕಾಲು ಮಡಚಿ ಕೂರುತ್ತಾರೆ. ಮುಖಕ್ಕೆ ಮೊದಲು ಬಣ್ಣದ ಲೇಪ, ಅದರ ಮೇಲೆ ಕಪ್ಪು, ಕೆಂಪು ರೇಖೆಗಳು. ಆಮೇಲೆ ಚಿಟ್ಟಿ. ಅಕ್ಕಿಯ ಹಿಟ್ಟಿಗೆ ಸುಣ್ಣ ಬೆರೆಸಿ ಕಲಸಿದ ಆ ಬಿಳಿಯ ಹಿಟ್ಟನ್ನು ಸಣ್ಣ ಕಡ್ಡಿಯ ತುದಿಯಲ್ಲಿ ಎತ್ತಿ, ಕೆನ್ನೆಯ ಮೇಲೆ ಮುಳ್ಳುಮುಳ್ಳಾಗಿ ನಿಲ್ಲಿಸುತ್ತ ಹೋಗಬೇಕು. ಎಡಗೆನ್ನೆಯ ಸಾಲಿಗೆ ಬಲಗೆನ್ನೆಯ ಸಾಲು ಸಮನಾಗಬೇಕು. ಮೂಗಿನ ಮೇಲೆ ಹತ್ತಿಯ ಉಂಡೆ ಕೂರಬೇಕು. ಹೀಗೆ ಗಂಟೆಗಳು ಸರಿಯುತ್ತವೆ. ಚಿಟ್ಟಿ ಒಣಗುತ್ತ ಚರ್ಮವನ್ನು ಬಿಗಿಯುತ್ತದೆ. ಮನಸಾರೆ ನಕ್ಕರೆ ಚಿಟ್ಟಿ ಉದುರೀತು. ಆದ್ದರಿಂದ ಮಾತು ಮಿತ, ನಗು ವರ್ಜ್ಯ. ಇಡೀ ಊರು ಬೆಚ್ಚುವಂತೆ ಅಬ್ಬರಿಸಬೇಕಾದವರು ಅಲ್ಲಿಯವರೆಗೆ ಯೋಗಿಯಂತೆ ಸ್ತಬ್ಧರು.

ಸೌಮ್ಯ ಪಾತ್ರಗಳ ಮುಖವರ್ಣಿಕೆಗೆ ಇಷ್ಟು ಹೊತ್ತು ಬೇಡ. ಸಜ್ಜನಿಕೆ ಬೇಗ ಸಿದ್ಧವಾಗುತ್ತದೆ, ಕ್ರೌರ್ಯಕ್ಕೆ ಸಾಧನೆ ಬೇಕು ಎಂದರೆ ತಮಾಷೆಯಾದೀತು. ಆದರೂ ಯೋಚಿಸುವಂತಿದೆ. ನಮ್ಮ ಸಿಟ್ಟನ್ನು ನಾವು ಆಕಸ್ಮಿಕವೆಂದೇ ಬಗೆಯುತ್ತೇವೆ. ಯಾವುದೋ ಮಾತು ಬಂತು, ಕೋಪ ನೆತ್ತಿಗೇರಿತು, ಅಷ್ಟೇ ಎನ್ನುತ್ತೇವೆ. ಆದರೆ ಎಂದೋ ಕೇಳಿದ ಕೊಂಕು, ಮರೆತೆವೆಂದುಕೊಂಡ ಅಸೂಯೆ, ಹೇಳದೆ ಉಳಿಸಿಕೊಂಡ ಅಸಮಾಧಾನ, ಎಲ್ಲವೂ ಒಳಗೆ ಒಂದೊಂದೇ ಬಿಂದುವಾಗಿ ಕೂತಿರುತ್ತವೆ. ನಾವೂ ಗಂಟೆಗಟ್ಟಲೆ ಬಣ್ಣ ಹಾಕಿಕೊಂಡವರೇ. ನಮ್ಮೆದುರು ಕನ್ನಡಿ ಇರಲಿಲ್ಲ.

ಭೀಕರವನ್ನು ಚಿತ್ರಿಸುವ ಹಂಬಲ ಎಲ್ಲ ನಾಡುಗಳಲ್ಲೂ ಇದೆ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ‘ಫ್ರಾಂಕನ್‌ಸ್ಟೈನ್’ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬ ಸುಮಾರು ಎರಡು ವರ್ಷ ಶ್ರಮಿಸಿ ಒಂದು ಜೀವಿಯನ್ನು ನಿರ್ಮಿಸುತ್ತಾನೆ. ಅದು ಕಣ್ಣು ತೆರೆದ ಕ್ಷಣವೇ ಹೇಸಿ, ಹೆದರಿ ಓಡಿಹೋಗುತ್ತಾನೆ. ಅದಕ್ಕೊಂದು ಹೆಸರನ್ನೂ ಇಡುವುದಿಲ್ಲ. ಮುಂದಿನ ದುರಂತವೆಲ್ಲ ಆ ಓಟದಿಂದ ಹುಟ್ಟಿದ್ದು. ನಮ್ಮ ಚೌಕಿಯ ಕಲಾವಿದರಿಗೆ ಓಡುವ ಅವಕಾಶವೇ ಇಲ್ಲ. ಅವರು ಬರೆದ ರಾಕ್ಷಸ ಅವರ ಮುಖದ ಮೇಲೆಯೇ ಇದ್ದಾನೆ. ಅವನಿಗೆ ಹೆಸರಿದೆ, ವಂಶವಿದೆ, ವಾದವಿದೆ. ರಾವಣನೂ ಅರ್ಥ ಹೇಳುತ್ತಾನೆ. ತನ್ನ ಪಕ್ಷವನ್ನು ಮಂಡಿಸುತ್ತಾನೆ. ಬಣ್ಣದ ನಡುವೆ ಕಣ್ಣುಗಳು ಮಾತ್ರ ಮನುಷ್ಯನವಾಗಿಯೇ ಉಳಿಯುತ್ತವೆ. ನಮ್ಮನ್ನು ನಿಜವಾಗಿ ಕಲಕುವುದು ಆ ಕಣ್ಣುಗಳೇ ಇರಬೇಕು.

‘ಪಂಚವಟಿ’ ಪ್ರಸಂಗದ ಶೂರ್ಪನಖಿಯನ್ನು ನೆನೆಯೋಣ. ರಾಕ್ಷಸಿಯರ ಹೆಣ್ಣುಬಣ್ಣದ ವೇಷದಲ್ಲಿ ಆಕೆ ವಿಕಟವಾಗಿ ಬರುತ್ತಾಳೆ, ಕುಣಿಯುತ್ತಾಳೆ, ನಗಿಸುತ್ತಾಳೆ ಕೂಡ. ಆಮೇಲೆ ರಾಮನ ಬಳಿಗೆ ಹೋಗಬೇಕೆಂದಾಗ ಆ ವೇಷ ಒಳಗೆ ಸರಿದು, ಬೇರೊಬ್ಬ ಕಲಾವಿದರು ಸುಂದರಿಯ ರೂಪದಲ್ಲಿ ಬರುತ್ತಾರೆ, ಮಾಯಾಶೂರ್ಪನಖಿಯಾಗಿ. ವಂಚನೆ ಆರಂಭವಾಗುವುದು ಇಲ್ಲಿಂದ. ಚಿಟ್ಟಿಯ ಮುಖ ಯಾರನ್ನೂ ಮೋಸಗೊಳಿಸಲಿಲ್ಲ; ತಾನು ಏನೆಂದು ದೂರದಿಂದಲೇ ಸಾರಿತು. ನಾವು ಬೆಳಗ್ಗೆ ಎದ್ದು ಧರಿಸಿ ಹೊರಡುವ ಪ್ರಸನ್ನ ಮುಖಗಳಲ್ಲಿ ಎಷ್ಟು ಈ ಎರಡನೆಯ ವೇಷಕ್ಕೆ ಸೇರಿದವೋ, ಲೆಕ್ಕ ಇಟ್ಟವರಿಲ್ಲ. ತಪ್ಪೆಂದೂ ಹೇಳಲಾಗದು. ಲೋಕವ್ಯವಹಾರಕ್ಕೆ ಒಂದಿಷ್ಟು ಮಾಯೆ ಬೇಕಾಗುತ್ತದೆ.

ಕಾಲಮಿತಿಯ ಆಟಗಳು ಬಂದ ಮೇಲೆ ಬಣ್ಣದ ವೇಷಕ್ಕೆ ಬೇಕಾದ ವ್ಯವಧಾನ ಉಳಿದಿಲ್ಲವೆಂದು ಹಳಬರು ಕೊರಗುವುದುಂಟು. ಆ ಕೊರಗು ನ್ಯಾಯವೇ. ಮಕ್ಕಳ ಮಟ್ಟಿಗೆ ಮಾತ್ರ ಅಂಥ ಚಿಂತೆಗೆ ಕಾರಣ ಕಾಣದು. ರಾತ್ರಿ ಮಹಿಷಾಸುರನನ್ನು ಕಂಡು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದವರೇ ಮರುದಿನ ಅಂಗಳದಲ್ಲಿ ಅಡಿಕೆ ಹಾಳೆಯ ಕಿರೀಟ ಕಟ್ಟಿ, ಒಲೆಯ ಮಸಿಯಿಂದ ಮೀಸೆ ಬರೆದುಕೊಳ್ಳುತ್ತಾರೆ. ಡಬ್ಬ ಚೆಂಡೆಯಾಗುತ್ತದೆ. ಆಟ ಶುರುವಾಗುವ ಮೊದಲೇ ಜಗಳ: ಮಹಿಷಾಸುರ ಯಾರು? ಎಲ್ಲರಿಗೂ ಅವನೇ ಬೇಕು. ದೇವೇಂದ್ರನ ಪಾತ್ರಕ್ಕೆ ಜನ ಹಿಡಿಯುವುದೇ ಕಷ್ಟ.